ದಾವಣಗೆರೆಯ ಲ್ಯಾಬಿನಿಂದ ನ್ಯಾನೋ ಘರ್ಷಣೆಯ ಪ್ರಾಜೆಕ್ಟ್: ಸಿಲಿಕಾನ್ ಚೂರಿನಿಂದ ಅಂಕಿಯವರೆಗೆ

ಕಾಲೇಜಿನಲ್ಲಿ ಎಎಫ್‌ಎಂ, ಅಂದರೆ ಚೂಪು ಮೊನೆಯಿಂದ ಮೇಲ್ಮೈಯನ್ನು ಸವರಿ ಅಳೆಯುವ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್, ಇಲ್ಲ ಎಂಬ ಒಂದೇ ಕಾರಣಕ್ಕೆ ನ್ಯಾನೋ ಮಟ್ಟದ ಘರ್ಷಣೆಯ ಪ್ರಾಜೆಕ್ಟನ್ನು ಕೈಬಿಡಬೇಕಾಗಿಲ್ಲ. ಆ ಯಂತ್ರದ ಮುಂದೆ ಕೂರಬೇಕಾದ್ದು ಮೂರು ದಿನ. ಉಳಿದ ಮೂರು ನಾಲ್ಕು ತಿಂಗಳ ಕೆಲಸವೆಲ್ಲ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಕೂತು ಮಾಡುವಂಥದ್ದೇ: ತೊಳೆಯುವುದು, ಪದರ ಕೂರಿಸುವುದು, ಗಾಳಿಯ ತೇವ ಅಳೆಯುವುದು, ಲೆಕ್ಕ ಹಾಕುವುದು. ಅಳತೆ ಕೆಡುವುದೂ ಹೆಚ್ಚಾಗಿ ಇಲ್ಲೇ. ಕೊಳೆ ಉಳಿದ ಸ್ಯಾಂಪಲ್ ತೆಗೆದುಕೊಂಡು ಬೆಂಗಳೂರಿಗೆ ಹೋದರೆ ಎಂಥ ಮೈಕ್ರೋಸ್ಕೋಪ್ ಇದ್ದರೂ ಅದು ಕೊಳೆಯ ಘರ್ಷಣೆಯನ್ನೇ ಅಳೆದು ಕೊಡುತ್ತದೆ.

ಭೌತಶಾಸ್ತ್ರ, ರಸಾಯನಶಾಸ್ತ್ರ ಅಥವಾ ಮೆಕ್ಯಾನಿಕಲ್ ಓದುತ್ತಿರುವ ಇಬ್ಬರು ಮೂವರು ಸೇರಿ ಒಂದು ಸೆಮಿಸ್ಟರ್‌ನಲ್ಲಿ ಮುಗಿಸಬಹುದಾದ ಕೆಲಸವನ್ನು ಇಲ್ಲಿ ಹಂತಹಂತವಾಗಿ ಕೊಟ್ಟಿದ್ದೇವೆ.

ಪ್ರಶ್ನೆ ಒಂದೇ ಇರಲಿ

"ನ್ಯಾನೋ ಕೀಲೆಣ್ಣೆಗಳ ಅಧ್ಯಯನ" ಎಂದು ಹೆಸರಿಟ್ಟ ಪ್ರಾಜೆಕ್ಟ್ ಮುಗಿಯುವುದಿಲ್ಲ, ಏಕೆಂದರೆ ಅದರಲ್ಲಿ ಪ್ರಶ್ನೆಯೇ ಇಲ್ಲ. ನಾವು ಹಿಡಿದಿರುವ ಪ್ರಶ್ನೆ ಇದು: ಬರಿಯ ಸಿಲಿಕಾನ್ ಮೇಲೆ ಮತ್ತು ಒಂದೇ ಅಣುವಿನಷ್ಟು ದಪ್ಪದ ಜಿಡ್ಡಿನ ಪದರ ಹೊದ್ದ ಸಿಲಿಕಾನ್ ಮೇಲೆ, ಗಾಳಿಯ ತೇವ ಏರಿದಂತೆ ಘರ್ಷಣೆ ಹೇಗೆ ಬದಲಾಗುತ್ತದೆ? ಎರಡು ಮೇಲ್ಮೈ, ಮೂರು ಆರ್ದ್ರತೆ, ಹತ್ತು ಭಾರ. ಒಂದೊಂದನ್ನೂ ಮೂರು ಜಾಗದಲ್ಲಿ ಅಳೆದರೆ 180 ಅಳತೆ. ಒಂದಕ್ಕೆ 32 ಸೆಕೆಂಡಿನಂತೆ ಸ್ಕ್ಯಾನ್‌ಗೇ ಒಂದೂವರೆ ಗಂಟೆ ಸಾಕು. ಸಿದ್ಧತೆ ಸೇರಿಸಿದರೆ ಮೂರು ದಿನ ಕೂಡಿಬರುತ್ತದೆ.

ಈ ಪ್ರಶ್ನೆಗೂ ನಮ್ಮ ಸೀಮೆಗೂ ನಂಟಿದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಗೇರ್‌ಬಾಕ್ಸ್ ನಿಧಾನಕ್ಕೆ ತಿರುಗುವಾಗ ಹಲ್ಲುಗಳ ನಡುವೆ ಎಣ್ಣೆಯ ದಪ್ಪ ಪದರ ನಿಲ್ಲುವುದಿಲ್ಲ. ಆಗ ಲೋಹಕ್ಕೆ ಅಂಟಿಕೊಂಡ ಕೊನೆಯ ಒಂದೆರಡು ಅಣುಪದರಗಳೇ ಹಲ್ಲನ್ನು ಕಾಯುತ್ತವೆ. ಚಳ್ಳಕೆರೆಯ ಮಿಲ್ಲುಗಳಲ್ಲಿ ತೆಗೆಯುವ ಶೇಂಗಾ ಎಣ್ಣೆಯಲ್ಲಿ ಮುಖ್ಯವಾಗಿರುವ ಓಲಿಯಿಕ್ ಆಮ್ಲದ್ದೂ ಅಂಥದೇ ಅಣು: ಒಂದು ತುದಿ ಮೇಲ್ಮೈಯನ್ನು ಕಚ್ಚಿ ಹಿಡಿಯುತ್ತದೆ, ಉದ್ದನೆಯ ಇಂಗಾಲದ ಬಾಲ ಹೊರಕ್ಕೆ ಚಾಚಿ ಜಾರಿಕೆ ಕೊಡುತ್ತದೆ.

ಅಳೆಯುತ್ತಿರುವುದು ಎಷ್ಟು ಚಿಕ್ಕದು

ಘರ್ಷಣೆ ಭಾರಕ್ಕೆ ಅನುಪಾತದಲ್ಲಿರುತ್ತದೆ, ತಾಗಿದಂತೆ ಕಾಣುವ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದು ಅಮಾಂಟನ್ಸ್ 1699ರಲ್ಲಿ ಹೇಳಿದ. ಅದಕ್ಕೆ ಕಾರಣ ತೋರಿಸಿದವರು ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್. ಎರಡು ಮೇಲ್ಮೈಗಳು ನಿಜವಾಗಿ ತಾಗುವುದು ಉಬ್ಬುಗಳ ತುದಿಯಲ್ಲಿ ಮಾತ್ರ, ಭಾರ ಹೆಚ್ಚಿದಂತೆ ಆ ನಿಜವಾದ ವಿಸ್ತೀರ್ಣ ಹೆಚ್ಚುತ್ತದೆ. ಎಎಫ್‌ಎಂ ಮೊನೆ ಅಂಥ ಒಂದೇ ಒಂದು ಉಬ್ಬು. ಬಿನ್ನಿಗ್, ಕ್ವೇಟ್ ಮತ್ತು ಗರ್ಬರ್ 1986ರಲ್ಲಿ ಈ ಉಪಕರಣವನ್ನು ತಂದರು. ಮರುವರ್ಷವೇ ಐಬಿಎಂನ ಆಲ್ಮಡೆನ್ ಪ್ರಯೋಗಾಲಯದಲ್ಲಿ ಮೇಟ್ ಮತ್ತು ಸಂಗಡಿಗರು ಟಂಗ್‌ಸ್ಟನ್ ಮೊನೆಯನ್ನು ಗ್ರಾಫೈಟ್ ಮೇಲೆ ಎಳೆದು, ಘರ್ಷಣೆ ಪರಮಾಣು ಸಾಲುಗಳ ಲಯದಲ್ಲೇ ಏರಿಳಿಯುವುದನ್ನು ಕಂಡರು.

ನಿಮ್ಮ ಭಾರ 10 ನ್ಯಾನೋನ್ಯೂಟನ್ ಎನ್ನಿ. ಒಂದು ಗ್ರಾಂನ ಹತ್ತು ಲಕ್ಷದಲ್ಲೊಂದು ಪಾಲಿನ ತೂಕ ಅದು. ಆದರೆ ಮೊನೆಯ ತುದಿಯ ತ್ರಿಜ್ಯವೂ 10 ನ್ಯಾನೋಮೀಟರ್. ಸಿಲಿಕಾನ್ ಮೊನೆಯನ್ನು ಸಿಲಿಕಾನ್ ಮೇಲಿಟ್ಟು, ದುಂಡು ತುದಿ ಒತ್ತಿದಾಗ ತಾಗುವ ಜಾಗ ಎಷ್ಟೆಂದು ಹೇಳುವ ಹರ್ಟ್ಸ್ ಸೂತ್ರ ಹಾಕಿದರೆ ತಾಗುವ ಜಾಗದ ತ್ರಿಜ್ಯ ಸುಮಾರು 1 ನ್ಯಾನೋಮೀಟರ್, ಒತ್ತಡ ಸುಮಾರು 3 ಗಿಗಾಪಾಸ್ಕಲ್ ಬರುತ್ತದೆ. ಇಷ್ಟು ಸಣ್ಣ ಭಾರಕ್ಕೂ ಮೊನೆ ಸವೆಯುವುದು ಏಕೆ ಎಂದು ಈ ಲೆಕ್ಕ ಮಾಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಕಾಗದದ ಮೇಲೆ ಒಮ್ಮೆ ನೀವೇ ಮಾಡಿ ನೋಡಿ.

ಮೊದಲ ವಾರ: ಪರಾತದ ನೀರಿನ ಮೇಲೆ ಒಂದು ಅಣುವಿನ ದಪ್ಪ

ನ್ಯಾನೋಮೀಟರ್ ಎಂಬುದು ಕೈಗೆ ಹತ್ತಬೇಕಾದರೆ ಮೊದಲು ಈ ಪ್ರಯೋಗ ಮಾಡಿ. ಖರ್ಚು ತೀರಾ ಕಡಿಮೆ.

ಓಲಿಯಿಕ್ ಆಮ್ಲ 1 ಮಿಲಿಲೀಟರ್ ತೆಗೆದುಕೊಂಡು ಎಥೆನಾಲ್ ಸೇರಿಸಿ ಒಟ್ಟು 20 ಮಿಲಿಲೀಟರ್ ಮಾಡಿ. ಆ ದ್ರಾವಣದಿಂದ 1 ಮಿಲಿಲೀಟರ್ ತೆಗೆದು ಮತ್ತೆ ಎಥೆನಾಲ್ ಸೇರಿಸಿ 50 ಮಿಲಿಲೀಟರ್ ಮಾಡಿ. ಈಗ ಸಾವಿರದಲ್ಲೊಂದು ಪಾಲು ಓಲಿಯಿಕ್ ಆಮ್ಲ ಉಳಿಯಿತು. 1 ಮಿಲಿಲೀಟರ್ ಸಿರಿಂಜಿನಿಂದ ಹನಿ ಬಿಟ್ಟು, ಒಂದು ಮಿಲಿಲೀಟರ್‌ಗೆ ಎಷ್ಟು ಹನಿ ಎಂದು ಎಣಿಸಿ. 40 ಸೆಂಟಿಮೀಟರ್ ಅಗಲದ ಸ್ಟೀಲ್ ಪರಾತದಲ್ಲಿ ಎರಡು ಸೆಂಟಿಮೀಟರ್ ನೀರು ತುಂಬಿ, ಅಲುಗಾಟ ನಿಂತ ಮೇಲೆ ಲೈಕೊಪೋಡಿಯಂ ಪುಡಿಯನ್ನು (ಒಂದು ಸಸ್ಯದ ನುಣುಪಾದ ಬೀಜಕಣ) ತೀರಾ ತೆಳುವಾಗಿ ಉದುರಿಸಿ. ಅದು ಸಿಗದಿದ್ದರೆ ಸುವಾಸನೆ ಬೆರೆಸದ ಟಾಲ್ಕ್ ಪುಡಿ ಆದೀತು. ನಡುವೆ ಒಂದೇ ಹನಿ ಬಿಡಿ.

ಪುಡಿ ಕಣ್ಣೆದುರಿಗೇ ಸುತ್ತ ಸರಿದು ದುಂಡನೆಯ ಬಯಲೊಂದು ತೆರೆದುಕೊಳ್ಳುತ್ತದೆ. ಮೊದಲ ಕ್ಷಣ ತುಸು ಹೆಚ್ಚೇ ಅಗಲವಾಗಿ, ಎಥೆನಾಲ್ ನೀರಿಗಿಳಿದು ಆರಿದ ಮೇಲೆ ಕೊಂಚ ಒಳಸರಿದು ನಿಲ್ಲುತ್ತದೆ. ಅಳೆಯಬೇಕಾದ್ದು ನಿಂತ ಮೇಲಿನ ಅಗಲ. ನಾಲ್ಕು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ. ಉದಾಹರಣೆಗೆ ಮಿಲಿಲೀಟರ್‌ಗೆ 50 ಹನಿಯಾದರೆ, ಒಂದು ಹನಿಯಲ್ಲಿ ಓಲಿಯಿಕ್ ಆಮ್ಲ 0.00002 ಘನ ಸೆಂಟಿಮೀಟರ್. ವೃತ್ತದ ಅಗಲ 12 ಸೆಂಟಿಮೀಟರ್ ಬಂದರೆ ವಿಸ್ತೀರ್ಣ 113 ಚದರ ಸೆಂಟಿಮೀಟರ್. ಭಾಗಿಸಿದರೆ ಸುಮಾರು 1.8 ನ್ಯಾನೋಮೀಟರ್. ಒಂದು ಅಣುವಿನ ಉದ್ದವನ್ನು ನೀವು ಅಳತೆಪಟ್ಟಿಯಿಂದ ಅಳೆದಂತಾಯಿತು.

ಬಯಲು ತೆರೆಯದಿದ್ದರೆ ಪರಾತದಲ್ಲಿ ಸೋಪಿನ ಅಂಶ ಉಳಿದಿದೆ ಎಂದರ್ಥ. ಸೋಪಿನ ಅಣುಗಳು ಆಗಲೇ ನೀರಿನ ಮೇಲೆ ಜಾಗ ಹಿಡಿದಿರುತ್ತವೆ. ಬಿಸಿನೀರಿನಲ್ಲಿ ಐದಾರು ಸಲ ತೊಳೆದು, ಕೊನೆಗೆ ಎಥೆನಾಲ್‌ನಿಂದ ಒರೆಸಿ. ವೃತ್ತದ ಅಂಚು ಹರಿದು ನಕ್ಷತ್ರದಂತಾದರೆ ಪುಡಿ ಹೆಚ್ಚಾಗಿದೆ. ಒಂದು ಹನಿ ಬಿಟ್ಟ ನೀರಿಗೆ ಇನ್ನೊಂದು ಹನಿ ಬಿಟ್ಟು ಅಳೆಯಬೇಡಿ, ಪ್ರತಿ ಸಲ ಹೊಸ ನೀರು ಬೇಕು. ಹತ್ತು ಅಳತೆ ಕೂಡಿದ ಮೇಲೆ, ಒಂದು ತಂಬಿಗೆ ಗಾಣದ ಶೇಂಗಾ ಎಣ್ಣೆಯಲ್ಲೂ ಇದೇ ಕ್ರಮ ಮಾಡಿ ಹೋಲಿಸುವ ಆಸೆ ಆದರೆ ಮಾಡಿ. ಆಗ ಎಣ್ಣೆಯನ್ನು ಎಥೆನಾಲ್ ಬದಲು ಹೆಕ್ಸೇನ್‌ನಲ್ಲಿ ಕರಗಿಸಬೇಕು. ಹೆಕ್ಸೇನ್ ಬೇಗ ಹತ್ತಿಕೊಳ್ಳುತ್ತದೆ, ಸುತ್ತ ಬೆಂಕಿ ಇರಬಾರದು.

ಗಾಳಿಯ ತೇವವನ್ನು ಹಿಡಿತಕ್ಕೆ ತರುವುದು

ಮಾರ್ಚ್ ಮಧ್ಯಾಹ್ನ ದಾವಣಗೆರೆಯ ಗಾಳಿ ತುಟಿ ಒಡೆಯುವಷ್ಟು ಒಣಗಿರುತ್ತದೆ, ಮಳೆಗಾಲದ ಬೆಳಿಗ್ಗೆ ಉಪ್ಪಿನ ಡಬ್ಬಿ ನೀರಾಡುತ್ತದೆ. ಈ ವ್ಯತ್ಯಾಸವೇ ನಿಮ್ಮ ಪ್ರಯೋಗದ ವಸ್ತು. ಹಾಗಾಗಿ ಅದನ್ನು ಅಂಕಿಯಲ್ಲಿ ಹಿಡಿಯಬೇಕು.

ಉಪ್ಪಿನ ತುಂಬು ದ್ರಾವಣಗಳು ಮುಚ್ಚಿದ ಡಬ್ಬಿಯೊಳಗಿನ ಆರ್ದ್ರತೆಯನ್ನು ಒಂದು ಮಟ್ಟದಲ್ಲಿ ನಿಲ್ಲಿಸುತ್ತವೆ. 25 ಡಿಗ್ರಿಯಲ್ಲಿ ಲೀಥಿಯಂ ಕ್ಲೋರೈಡ್ ಶೇ. 11, ಮೆಗ್ನೀಸಿಯಂ ಕ್ಲೋರೈಡ್ ಶೇ. 33, ಸೋಡಿಯಂ ಕ್ಲೋರೈಡ್ ಶೇ. 75. ಉಪ್ಪು ಪೂರ್ತಿ ಕರಗಿರಬಾರದು, ತೊಯ್ದ ಮರಳಿನಂತಿರಬೇಕು. ಅರ್ಧ ಬಟ್ಟಲು ಉಪ್ಪಿಗೆ ಎರಡು ಮೂರು ಚಮಚ ಡಿಸ್ಟಿಲ್ಡ್ ವಾಟರ್ ಸಾಕು. ಅಡುಗೆ ಉಪ್ಪು ಬೇಡ, ಅದರಲ್ಲಿ ಗಂಟು ಕಟ್ಟದಿರಲು ಬೆರೆಸಿದ ವಸ್ತುಗಳಿರುತ್ತವೆ. ರಸಾಯನಶಾಸ್ತ್ರ ವಿಭಾಗದ ಶುದ್ಧ ಸೋಡಿಯಂ ಕ್ಲೋರೈಡ್ ಕೇಳಿ ಪಡೆಯಿರಿ.

ಸೆನ್ಸರ್ ಆಗಿ ಎಸ್‌ಎಚ್‌ಟಿ31 ತೆಗೆದುಕೊಂಡು ಆರ್ಡುಯಿನೊಗೆ ಜೋಡಿಸಿ. ಅಗ್ಗದ ಡಿಎಚ್‌ಟಿ11 ಈ ಕೆಲಸಕ್ಕೆ ಸಾಲದು, ಅದರ ತಪ್ಪೇ ಶೇ. 5ರಷ್ಟಿರುತ್ತದೆ. ಗಾಳಿಯಾಡದ ಒಂದು ಲೀಟರ್ ಡಬ್ಬಿಯ ಮುಚ್ಚಳದಲ್ಲಿ ತೂತು ಕೊರೆದು ವೈರ್ ಇಳಿಬಿಟ್ಟು, ಸುತ್ತ ಎಂ-ಸೀಲ್ ಮೆತ್ತಿ. ಒಳಗೆ ಉಪ್ಪಿನ ಬಟ್ಟಲಿಟ್ಟು 12 ಗಂಟೆ ಬಿಡಿ. ಮೂರು ಉಪ್ಪಿನಲ್ಲೂ ಸೆನ್ಸರ್ ತೋರಿಸಿದ್ದನ್ನು ಬರೆದು ತಿದ್ದುಪಡಿ ಗೆರೆ ಎಳೆಯಿರಿ. ಅಸಿಟೋನ್, ಟಾಲ್ವೀನ್ ಆವಿ ಇರುವಲ್ಲಿ ಈ ಸೆನ್ಸರ್ ಇಡಬೇಡಿ. ಅದರೊಳಗಿನ ಪಾಲಿಮರ್ ಆ ಆವಿಯನ್ನು ಹೀರಿಕೊಂಡು ತಪ್ಪು ತೋರಿಸತೊಡಗುತ್ತದೆ.

ಸಿಲಿಕಾನ್ ಚೂರು ತೊಳೆಯುವುದು

ಒಂದು ಬದಿ ಪಾಲಿಶ್ ಆದ ಸಿಲಿಕಾನ್ ವೇಫರ್ (ತೆಳು ಬಿಲ್ಲೆ) ಒಂದನ್ನು ಡೈಮಂಡ್ ಮೊನೆಯಿಂದ ಗೀರಿ 10 ಮಿಲಿಮೀಟರ್ ಚೌಕದ 12 ಚೂರು ಮಾಡಿಕೊಳ್ಳಿ. ಪಾಲಿಶ್ ಆದ ಮುಖ ಕೆಳಗೆ ಮಾಡಿ ಗೀರಬೇಡಿ, ಕೆಳಗಿನ ಒಂದು ಮರಳು ಕಣವೂ ಆ ಮುಖವನ್ನು ಕೆಡಿಸುತ್ತದೆ. ಗೀರು ಹಾಕುವಾಗ ಏಳುವ ಸಿಲಿಕಾನ್ ಪುಡಿಯೇ ಮೊದಲ ಶತ್ರು. ಗೀರಿದ ಕೂಡಲೇ ಡಿಸ್ಟಿಲ್ಡ್ ವಾಟರ್ ಹರಿಸಿ.

ನಂತರ ಅಲ್ಟ್ರಾಸಾನಿಕ್ ಬಾತ್‌ನಲ್ಲಿ ಅಸಿಟೋನ್ 10 ನಿಮಿಷ, ಐಸೋಪ್ರೊಪೈಲ್ ಆಲ್ಕೋಹಾಲ್ 10 ನಿಮಿಷ, ಡಿಅಯೋನೈಸ್ಡ್ ವಾಟರ್ 10 ನಿಮಿಷ. ಅಸಿಟೋನ್ ಆರಲು ಬಿಡದೆ ಒದ್ದೆ ಇರುವಾಗಲೇ ಮುಂದಿನ ಬೀಕರಿಗೆ ಹಾಕಿ. ಆರಿದರೆ ಕರಗಿದ್ದ ಜಿಡ್ಡು ಅಲ್ಲೇ ಕಲೆಯಾಗಿ ಕೂರುತ್ತದೆ. ನೈಟ್ರೋಜನ್ ಊದಿ ಒಣಗಿಸಿ. ಕಂಪ್ರೆಸರ್ ಗಾಳಿ ಬಳಸಲೇಬೇಡಿ, ಅದರಲ್ಲಿ ಕಂಪ್ರೆಸರಿನ ಎಣ್ಣೆಯ ಹನಿಗಳಿರುತ್ತವೆ. ಕೀಲೆಣ್ಣೆಯ ಪ್ರಯೋಗದಲ್ಲಿ ಇದಕ್ಕಿಂತ ದೊಡ್ಡ ಹಾನಿ ಇಲ್ಲ.

ಕೊನೆಯ ಶುದ್ಧಿಗೆ ಯುವಿ-ಓಜೋನ್ ಕ್ಲೀನರ್‌ನಲ್ಲಿ 20 ನಿಮಿಷ, ಇಲ್ಲವೇ ಆಕ್ಸಿಜನ್ ಪ್ಲಾಸ್ಮಾದಲ್ಲಿ ಒಂದೆರಡು ನಿಮಿಷ. ಹಳೆಯ ಪ್ರಬಂಧಗಳಲ್ಲಿ ಪಿರಾನ್ಹಾ ದ್ರಾವಣದ ಮಾತು ಬರುತ್ತದೆ. ಸಲ್ಫ್ಯೂರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ್ದು ಅದು, ಅಸಿಟೋನ್ ತಾಗಿದರೆ ಸಿಡಿಯಬಲ್ಲದು. ಪದವಿ ಲ್ಯಾಬಿನಲ್ಲಿ ಅದನ್ನು ಮಾಡಬೇಡಿ ಎಂದು ಕೈಮುಗಿದು ಹೇಳುತ್ತೇವೆ.

ಶುದ್ಧವಾಯಿತೇ ಎಂದು ನೀರೇ ಹೇಳುತ್ತದೆ. 3 ಮೈಕ್ರೋಲೀಟರ್ ಹನಿ ಇಟ್ಟು ಪಕ್ಕದಿಂದ ಮೊಬೈಲ್‌ನಲ್ಲಿ ಮ್ಯಾಕ್ರೋ ಲೆನ್ಸ್ ಹಾಕಿ ಫೋಟೋ ತೆಗೆದು, ಇಮೇಜ್‌ಜೆ ತಂತ್ರಾಂಶದಲ್ಲಿ ಅಂಚಿನ ಕೋನ ಅಳೆಯಿರಿ. ಶುದ್ಧ ಸಿಲಿಕಾನ್ ಮೇಲೆ ಹನಿ ಹಾಳೆಯಂತೆ ಹರಡಿ ಕೋನ 10 ಡಿಗ್ರಿಗಿಂತ ಕಡಿಮೆ ಬರಬೇಕು. 30, 40 ಬಂದರೆ ಮತ್ತೆ ಮೊದಲಿನಿಂದ. ಶುದ್ಧ ಚೂರು ಗಾಳಿಯಲ್ಲಿ ಕೆಲವೇ ಗಂಟೆಯಲ್ಲಿ ಮತ್ತೆ ಜಿಡ್ಡಾಗುತ್ತದೆ. ಆದ್ದರಿಂದ ತೊಳೆಯುವುದೂ ಪದರ ಕೂರಿಸುವುದೂ ಒಂದೇ ದಿನ ಆಗಬೇಕು.

ಒಂದು ಅಣುವಿನ ಪದರ ಕೂರಿಸುವುದು

ಓಲಿಯಿಕ್, ಸ್ಟಿಯರಿಕ್ ಆಮ್ಲಗಳು ಸಿಲಿಕಾನ್ ಮೇಲೆ ಗಟ್ಟಿಯಾಗಿ ನಿಲ್ಲುವುದಿಲ್ಲ, ಮೊನೆ ಎಳೆದರೆ ಗುಡಿಸಿಹೋಗುತ್ತವೆ. ಅದಕ್ಕೇ ಅವುಗಳ ಹಾಗೆಯೇ 18 ಇಂಗಾಲದ ಬಾಲವಿದ್ದು, ಬುಡದಲ್ಲಿ ಸಿಲಿಕಾನ್ ಆಕ್ಸೈಡ್ ಜೊತೆ ಬಂಧ ಬೆಸೆಯುವ ಆಕ್ಟಾಡೆಸೈಲ್‌ಟ್ರೈಕ್ಲೋರೋಸಿಲೇನ್ ಬಳಸುತ್ತೇವೆ. ಲ್ಯಾಬಿನ ಬಾಯಲ್ಲಿ ಓಟಿಎಸ್. ಅದರ ಪದರದ ದಪ್ಪ ಸುಮಾರು 2.5 ನ್ಯಾನೋಮೀಟರ್.

ಒಣ ಟಾಲ್ವೀನ್ 25 ಮಿಲಿಲೀಟರ್‌ಗೆ ಓಟಿಎಸ್ 20 ಮೈಕ್ರೋಲೀಟರ್ ಹಾಕಿದರೆ 2 ಮಿಲಿಮೋಲಾರ್ ದ್ರಾವಣ. ಗಾಜಿನ ಬೀಕರನ್ನು ಮೊದಲೇ ಓವನ್ನಿನಲ್ಲಿ ಒಣಗಿಸಿ ಆರಿಸಿಟ್ಟಿರಬೇಕು. ಚೂರುಗಳನ್ನು ನಿಲ್ಲಿಸಿ ಮುಳುಗಿಸಿ, ಮಲಗಿಸಿದರೆ ಮೇಲಿನಿಂದ ಗಸಿ ಬಂದು ಕೂರುತ್ತದೆ. ಎರಡು ಗಂಟೆ ಬಿಟ್ಟು ತೆಗೆದು, ಹೊಸ ಟಾಲ್ವೀನ್‌ನಲ್ಲಿ 10 ನಿಮಿಷ ಅಲ್ಟ್ರಾಸಾನಿಕ್, ನಂತರ ಐಸೋಪ್ರೊಪೈಲ್‌ನಲ್ಲಿ 10 ನಿಮಿಷ, ನೈಟ್ರೋಜನ್ ಊದಿ, 110 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ. ಎಲ್ಲವೂ ಫ್ಯೂಮ್ ಹುಡ್ ಒಳಗೆ, ನೈಟ್ರೈಲ್ ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡು. ಓಟಿಎಸ್ ತೇವಕ್ಕೆ ತಾಗಿದರೆ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ಮೂಗು ಕಣ್ಣು ಉರಿಯುತ್ತವೆ. ಉಳಿದ ದ್ರಾವಣ ಸಿಂಕಿಗೆ ಹೋಗಬಾರದು, ಗಾಜಿನ ವೇಸ್ಟ್ ಬಾಟಲಿಗೆ ಹಾಕಿ ಹೆಸರು ಬರೆದಿಡಿ.

ಕೆಡುವುದು ಮುಖ್ಯವಾಗಿ ಇಲ್ಲಿ. ಓಟಿಎಸ್ ಬಾಟಲಿಯ ಬಾಯಿ ನೋಡಿ: ಸುತ್ತ ಬಿಳಿ ಹೊಪ್ಪಳೆ ಕಟ್ಟಿದ್ದರೆ, ಅಲುಗಾಡಿಸಿದಾಗ ಒಳಗೆ ಎಳೆಎಳೆಯಾಗಿ ತೇಲುವುದು ಕಂಡರೆ, ಅದು ಗಾಳಿಯ ತೇವ ಕುಡಿದು ತನ್ನೊಳಗೇ ಕೂಡಿಕೊಂಡಿದೆ. ಆ ಬಾಟಲಿಯಿಂದ ಒಳ್ಳೆಯ ಪದರ ಬರದು. ಮಳೆಗಾಲದಲ್ಲಿ ಬೀಕರಿನಲ್ಲೇ ಇದು ನಡೆಯುತ್ತದೆ. ದ್ರಾವಣ ಅರ್ಧ ಗಂಟೆಯಲ್ಲಿ ಮಜ್ಜಿಗೆಯ ತಿಳಿಯಂತೆ ಮಬ್ಬಾದರೆ ಚೂರಿನ ಮೇಲೆ ಉಂಡೆಗಳು ಕೂತಿವೆ ಎಂದು ತಿಳಿಯಿರಿ. ಹಾಗೆಂದು ಪೂರಾ ಒಣಗಿಸಿದರೂ ಆಗದು: ಮೇಲ್ಮೈ ಮೇಲೆ ತುಸು ನೀರಿನ ಪಸೆ ಇದ್ದರೇ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಇಲ್ಲದಿದ್ದರೆ ಪದರ ತೇಪೆತೇಪೆ. ಬಿಸಿಯೂ ಮುಖ್ಯ. ಕೊಠಡಿ 25 ಡಿಗ್ರಿಯ ಆಸುಪಾಸು ಇರಬೇಕು, ಬಿಸಿ ಏರಿದಷ್ಟೂ ಬಾಲಗಳು ಒತ್ತೊತ್ತಾಗಿ ನಿಲ್ಲುವುದಿಲ್ಲ. ಹೀಗಾಗಿ ಎಸಿ ಇಲ್ಲದ ಲ್ಯಾಬಾದರೆ ಈ ಹಂತವನ್ನು ಡಿಸೆಂಬರ್‌ನಿಂದ ಫೆಬ್ರವರಿ ನಡುವೆ, ಬೆಳಗಿನ ಹೊತ್ತು ಇಟ್ಟುಕೊಳ್ಳಿ. ಏಪ್ರಿಲ್‌ಗೆ ಮುಂದೂಡಿದರೆ ಹವೆ ಒಣಗಿದ್ದರೂ ಸೆಖೆ ಕೆಡಿಸುತ್ತದೆ.

ಒಳ್ಳೆಯ ಪದರದ ಮೇಲೆ ನೀರಿನ ಹನಿ ಕೆಸುವಿನೆಲೆ ಮೇಲಿನಂತೆ ಉಂಡೆಯಾಗಿ ನಿಲ್ಲುತ್ತದೆ, ಕೋನ 105ರಿಂದ 112 ಡಿಗ್ರಿ. 100ಕ್ಕಿಂತ ಕಡಿಮೆ ಬಂದ ಚೂರನ್ನು ಬೆಂಗಳೂರಿಗೆ ಒಯ್ಯಬೇಡಿ. 115 ದಾಟಿದರೂ ಹಿಗ್ಗಬೇಡಿ, ಉಂಡೆಗಳಿಂದ ಮೇಲ್ಮೈ ಒರಟಾಗಿರುವ ಸೂಚನೆ ಅದು.

ಯಂತ್ರದ ಸಮಯ ಪಡೆಯುವುದು

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ 200. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಉಪಕರಣಗಳನ್ನು ಹೊರಗಿನ ಕಾಲೇಜಿನವರೂ ಬಳಸಬಹುದು. ದೇಶದ ಸಂಶೋಧನಾ ಉಪಕರಣಗಳನ್ನು ಹುಡುಕಿ ಕಾಯ್ದಿರಿಸಲು ಐ-ಸ್ಟೆಮ್ ಪೋರ್ಟಲ್ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಧನಸಹಾಯದ ಕಾರ್ಯಕ್ರಮ ನಡೆಸುತ್ತದೆ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಎರಡು ತಿಂಗಳು ಅಂಥ ಲ್ಯಾಬಿನಲ್ಲೇ ಕೂತು ಕಲಿಯಬಹುದು. ಅರ್ಜಿಯನ್ನು ಗೈಡ್ ಮೂಲಕ ಎರಡು ಮೂರು ತಿಂಗಳು ಮುಂಚೆ ಹಾಕಿ.

ಅರ್ಜಿಯಲ್ಲಿ "ಎಎಫ್‌ಎಂ ಬೇಕು" ಎಂದಷ್ಟೇ ಬರೆದರೆ ಮೇಲ್ಮೈಯ ಚಿತ್ರ ತೆಗೆದು ಕಳಿಸುತ್ತಾರೆ. ಹೀಗೆ ಬರೆಯಿರಿ: ಕಾಂಟ್ಯಾಕ್ಟ್ ಮೋಡ್‌ನಲ್ಲಿ ಲ್ಯಾಟರಲ್ ಫೋರ್ಸ್ (ಮೊನೆ ತಾಗಿಸಿ ಎಳೆಯುವಾಗಿನ ಅಡ್ಡಬಲ), ಹೋಗುವ ಮತ್ತು ಬರುವ ಎರಡೂ ಗೆರೆಗಳ ಮೂಲ ದತ್ತಾಂಶ, ಥರ್ಮಲ್ ಟ್ಯೂನ್ ಸೌಲಭ್ಯ, ನೈಟ್ರೋಜನ್ ಹರಿಸಿ ಆರ್ದ್ರತೆ ಬದಲಿಸುವ ಮುಚ್ಚುಗೆ. ಮೊನೆಗಳನ್ನು ನೀವೇ ಕೊಂಡೊಯ್ಯಬೇಕೇ, ಶುಲ್ಕ ಗಂಟೆಗೋ ಸ್ಯಾಂಪಲ್‌ಗೋ ಎಂಬುದನ್ನೂ ಕೇಳಿಕೊಳ್ಳಿ.

ಸ್ಯಾಂಪಲ್ ಒಯ್ಯಲು ತಳದಲ್ಲಿ ಮೆತ್ತನೆ ಜೆಲ್ ಇರುವ ಪೆಟ್ಟಿಗೆ ಬಳಸಬೇಡಿ. ಆ ಜೆಲ್‌ನಿಂದ ಸಿಲಿಕೋನ್ ಎಣ್ಣೆ ಮೆಲ್ಲನೆ ಹರಡಿ ಸ್ಯಾಂಪಲನ್ನೂ ಮೊನೆಯನ್ನೂ ಆವರಿಸುತ್ತದೆ, ಆಮೇಲೆ ಬರಿಯ ಸಿಲಿಕಾನ್ ಕೂಡ ಓಟಿಎಸ್‌ನಂತೆ ಜಾರುತ್ತದೆ. ತೊಳೆದ ಗಾಜಿನ ಪೆಟ್ರಿ ಡಿಶ್‌ನಲ್ಲಿಟ್ಟು ಮೇಲೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಬರಿಯ ಸಿಲಿಕಾನ್ ಚೂರುಗಳನ್ನು ಅಲ್ಲಿ ಹೋದ ಮೇಲೆ ಇನ್ನೊಮ್ಮೆ ಯುವಿ-ಓಜೋನ್ ಮಾಡಿಸಿ.

ಮೊದಲ ದಿನ: ಬರೀ ಕ್ಯಾಲಿಬ್ರೇಶನ್

ಮೊದಲ ದಿನವೇ ಸ್ಯಾಂಪಲ್ ಅಳೆಯುವ ಆತುರ ಬೇಡ. ಮೊನೆಯನ್ನು ಹೊತ್ತಿರುವ ತೆಳು ಪಟ್ಟಿಯೇ ಕ್ಯಾಂಟಿಲಿವರ್, ಅದು ಬಾಗಿದ್ದನ್ನು ಅದರ ಬೆನ್ನಿಗೆ ಬಿದ್ದ ಲೇಸರ್ ಬೆಳಕು ವೋಲ್ಟ್ ಲೆಕ್ಕದಲ್ಲಿ ತೋರಿಸುತ್ತದೆ. ಆಯತಾಕಾರದ ಸಿಲಿಕಾನ್ ಕ್ಯಾಂಟಿಲಿವರ್ ಆರಿಸಿ: ಉದ್ದ 450, ಅಗಲ 50, ದಪ್ಪ 2 ಮೈಕ್ರೋಮೀಟರ್, ಸ್ಪ್ರಿಂಗ್ ಸ್ಥಿರಾಂಕ ಸುಮಾರು 0.2 ನ್ಯೂಟನ್ ಪ್ರತಿ ಮೀಟರ್. ಡಬ್ಬಿಯ ಮೇಲಿನ ಅಂಕಿ ನಂಬಬೇಡಿ. ಬಿರುಸು, ಅಂದರೆ ಈ ಸ್ಥಿರಾಂಕ, ದಪ್ಪದ ಘನವನ್ನು ಹಿಂಬಾಲಿಸುತ್ತದೆ, ದಪ್ಪದಲ್ಲಿ ಶೇ. 10 ಹೆಚ್ಚಿದ್ದರೆ ಬಿರುಸು ಶೇ. 33 ಹೆಚ್ಚು.

ಸ್ವಚ್ಛ ಸಿಲಿಕಾನ್ ಮೇಲೆ ಒತ್ತಿ, ಒಂದು ವೋಲ್ಟ್‌ಗೆ ಎಷ್ಟು ನ್ಯಾನೋಮೀಟರ್ ಬಾಗುತ್ತದೆ ಎಂದು ತೆಗೆಯಿರಿ. ನಂತರ ಮೊನೆಯನ್ನು ಮೇಲೆತ್ತಿ ಥರ್ಮಲ್ ಟ್ಯೂನ್. ಕೊಠಡಿಯ ಶಾಖಕ್ಕೇ ಕ್ಯಾಂಟಿಲಿವರ್ ಕಂಪಿಸುತ್ತದೆ, ಆ ಕಂಪನದಿಂದ ಸ್ಪ್ರಿಂಗ್ ಸ್ಥಿರಾಂಕ ತೆಗೆಯುವ ವಿಧಾನ ಇದು. 0.2ರ ಸ್ಥಿರಾಂಕಕ್ಕೆ ಆ ಕಂಪನ ಸರಾಸರಿ 0.14 ನ್ಯಾನೋಮೀಟರ್. ಇಲ್ಲಿ ಬರುವ ಸುಮಾರು 0.8ರ ತಿದ್ದುಪಡಿಯನ್ನು ಹಲವು ತಂತ್ರಾಂಶಗಳು ತಾವೇ ಹಾಕಿರುತ್ತವೆ. ಕೇಳದೆ ಇನ್ನೊಮ್ಮೆ ಗುಣಿಸಿದರೆ ಎಲ್ಲ ಭಾರಗಳೂ ಶೇ. 20 ತಪ್ಪುತ್ತವೆ. ಈಗ ಭಾರ ಸಿಕ್ಕಿತು: 1 ವೋಲ್ಟ್, 50 ನ್ಯಾನೋಮೀಟರ್, 0.2 ಎಂದಾದರೆ 10 ನ್ಯಾನೋನ್ಯೂಟನ್.

ಅಡ್ಡಬಲ ಅಳೆಯುವುದು ಇದಕ್ಕಿಂತ ಕಷ್ಟ. ಮೊನೆಯನ್ನು ಅಡ್ಡಕ್ಕೆ ತಳ್ಳಿದಾಗ ಕ್ಯಾಂಟಿಲಿವರ್ ತಿರುಚಿಕೊಳ್ಳುತ್ತದೆ. ಮೇಲಿನ ಅಳತೆಯ ಕ್ಯಾಂಟಿಲಿವರ್‌ಗೆ ಆ ದಿಕ್ಕಿನ ಬಿರುಸು ಸುಮಾರು 80 ನ್ಯೂಟನ್ ಪ್ರತಿ ಮೀಟರ್, ಅಂದರೆ ಕೆಳಮುಖ ಬಾಗಿನ 400 ಪಟ್ಟು. ಸಿಗ್ನಲ್ ಅಷ್ಟೇ ಸಣ್ಣದು. ಇದಕ್ಕೆ ನಾವು ಸೂಚಿಸುವುದು ಇಳಿಜಾರಿನ ವಿಧಾನ: 54.7 ಡಿಗ್ರಿ ಇಳಿಜಾರುಗಳಿರುವ ಸಿಲಿಕಾನ್ ಗ್ರೇಟಿಂಗ್ (ಸಾಲುಸಾಲು ಏಣುಗಳ ತುಣುಕು) ಮೇಲೆ ಎಳೆದು, ಇಳಿಜಾರಿನ ಮೇಲೂ ಸಮತಟ್ಟಿನ ಮೇಲೂ ಬಂದ ಗೆರೆಗಳನ್ನು ಹೋಲಿಸಿದರೆ, ಒಂದು ವೋಲ್ಟ್‌ಗೆ ಎಷ್ಟು ನ್ಯಾನೋನ್ಯೂಟನ್ ಎಂಬುದು ಬರುತ್ತದೆ. ಭಾರ ಮತ್ತು ಕೋನ ಗೊತ್ತಿರುವುದರಿಂದ ಬೇರೆ ಊಹೆ ಬೇಕಾಗಿಲ್ಲ. ಆದರೆ ಗ್ರೇಟಿಂಗ್‌ನ ಗಟ್ಟಿ ಅಂಚು ಮೊನೆಯನ್ನು ಸವೆಸುತ್ತದೆ. ಕಡಿಮೆ ಭಾರದಲ್ಲಿ ನಾಲ್ಕೈದು ಗೆರೆ ಸಾಕು.

ಲೇಸರನ್ನು ಸರಿಸಿದರೆ ಈ ಅಂಕಿಯೆಲ್ಲ ಹೋಯಿತು. ಕ್ಯಾಲಿಬ್ರೇಶನ್ ಆದ ಮೇಲೆ ಲೇಸರ್ ತಿರುಪು ಮುಟ್ಟಬೇಡಿ.

ಎರಡನೇ, ಮೂರನೇ ದಿನ: ಎಳೆದು ನೋಡುವುದು

ಸ್ಕ್ಯಾನ್ ಕೋನ 90 ಡಿಗ್ರಿ ಇರಲಿ, ಮೊನೆ ಕ್ಯಾಂಟಿಲಿವರ್‌ನ ಉದ್ದಕ್ಕೆ ಅಡ್ಡಲಾಗಿ ಸಾಗಬೇಕು. ಸಾಮಾನ್ಯ ಚಿತ್ರಕ್ಕೆ 0 ಡಿಗ್ರಿ ಇಟ್ಟಿರುತ್ತಾರೆ. ಹಾಗೇ ಬಿಟ್ಟರೆ ತಿರುಚು ಇರುವುದಿಲ್ಲ, ಇಡೀ ದಿನದ ದತ್ತಾಂಶ ವ್ಯರ್ಥ. ಒಂದೇ ತಪ್ಪನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ.

ಅಗಲ 500 ನ್ಯಾನೋಮೀಟರ್, ವೇಗ ಸೆಕೆಂಡಿಗೆ 2 ಗೆರೆ, ಗೆರೆಗೆ 256 ಬಿಂದು, ಒಟ್ಟು 64 ಗೆರೆ. ಭಾರ 2ರಿಂದ 20 ನ್ಯಾನೋನ್ಯೂಟನ್‌ವರೆಗೆ ಎರಡೆರಡರಂತೆ ಏರಿಸಿ, ಇಳಿಯುವಾಗ 14, 8, 2ರಲ್ಲಿ ಮತ್ತೆ ಅಳೆಯಿರಿ. ಏರುವಾಗ ಬಂದ ಅಂಕಿ ಇಳಿಯುವಾಗ ಬರದಿದ್ದರೆ ಮೊನೆಯೋ ಪದರವೋ ಸವೆದಿದೆ.

ಪರದೆಯ ಮೇಲೆ ಹೋಗುವ ಗೆರೆ ಮೇಲೆ, ಬರುವ ಗೆರೆ ಕೆಳಗೆ ಬಂದು ಒಂದು ಉದ್ದನೆಯ ಕುಣಿಕೆ ಕಾಣುತ್ತದೆ. ಎರಡು ತುದಿಗಳಲ್ಲಿ ಓರೆಯಾಗಿ ಏರುವ ಭಾಗ ಮೊನೆ ಇನ್ನೂ ಜಾರದೆ ಕ್ಯಾಂಟಿಲಿವರ್ ಮಾತ್ರ ತಿರುಚುತ್ತಿರುವುದು. ನಡುವಿನ ಸಮತಟ್ಟು ಜಾರುತ್ತಿರುವುದು. ಎರಡು ಗೆರೆಗಳ ಅಂತರದ ಅರ್ಧವೇ ಘರ್ಷಣೆ. ಹೋಗುವಾಗ 0.42 ವೋಲ್ಟ್, ಬರುವಾಗ 0.18 ಇದ್ದರೆ ಅರ್ಧ ಅಂತರ 0.12. ಕ್ಯಾಲಿಬ್ರೇಶನ್ ವೋಲ್ಟ್‌ಗೆ 60 ನ್ಯಾನೋನ್ಯೂಟನ್ ಆಗಿದ್ದರೆ ಘರ್ಷಣೆ 7.2 ನ್ಯಾನೋನ್ಯೂಟನ್. ಒಂದೇ ಗೆರೆ ತೆಗೆದು "ಘರ್ಷಣೆಯ ಚಿತ್ರ" ಎಂದು ಕರೆಯಬೇಡಿ, ಅದರಲ್ಲಿ ಮೇಲ್ಮೈಯ ಏರಿಳಿತವೂ ಲೇಸರಿನ ಓರೆಯೂ ಬೆರೆತಿರುತ್ತವೆ. ಹೋಗುವುದರಲ್ಲಿ ಬರುವುದನ್ನು ಕಳೆದಾಗಲೇ ಅವು ಹೋಗುವುದು.

ಆರ್ದ್ರತೆಯ ಕ್ರಮ ಒಣದಿಂದ ತೇವಕ್ಕೆ: ಶೇ. 11, 33, 75ರ ಹತ್ತಿರ. ಒಣ ನೈಟ್ರೋಜನ್ ಮತ್ತು ನೀರಿನಲ್ಲಿ ಗುಳ್ಳೆಯಾಗಿ ಹಾಯಿಸಿದ ನೈಟ್ರೋಜನ್ ಎರಡನ್ನೂ ಬೆರೆಸಿ ಮಟ್ಟ ಹಿಡಿಯಿರಿ, ಪ್ರತಿ ಮಟ್ಟದಲ್ಲಿ 30 ನಿಮಿಷ ಕಾಯಿರಿ. ಉಪ್ಪಿನ ಬಟ್ಟಲನ್ನು ಮೈಕ್ರೋಸ್ಕೋಪ್ ಒಳಗಿಡಬೇಡಿ, ಚೆಲ್ಲಿದರೆ ಯಂತ್ರ ತುಕ್ಕು ಹಿಡಿಯುತ್ತದೆ. ಊರಲ್ಲಿ ಸರಿಪಡಿಸಿದ ಸೆನ್ಸರನ್ನು ಸ್ಯಾಂಪಲ್ ಪಕ್ಕದಲ್ಲೇ ಇಡಿ. ಕೊನೆಗೆ ಮತ್ತೆ ಒಣಗಿಸಿ ಒಂದು ಅಳತೆ ತೆಗೆದರೆ ಬದಲಾವಣೆ ತೇವದಿಂದಲೋ ಸವೆತದಿಂದಲೋ ತಿಳಿಯುತ್ತದೆ. ತೀರಾ ಒಣ ಹವೆಯಲ್ಲಿ ಮೊನೆ ದೂರದಿಂದಲೇ ಎಳೆದುಕೊಂಡರೆ ವಿದ್ಯುದಾವೇಶ ಕೂಡಿದೆ, ಸ್ಯಾಂಪಲನ್ನು ಸಿಲ್ವರ್ ಪೇಸ್ಟ್‌ನಿಂದ ಲೋಹದ ಬಿಲ್ಲೆಗೆ ಅಂಟಿಸಿ ಅರ್ಥ್ ಮಾಡಿ.

ಪ್ರತಿ ಸರಣಿಯ ಮುಂಚೆ ಮತ್ತು ನಂತರ ಮೊನೆಯನ್ನು ಎತ್ತಿ ಬಿಡಿಸಲು ಬೇಕಾದ ಬಲ, ಅಂದರೆ ಅಂಟುಬಲ, ಬರೆದುಕೊಳ್ಳಿ. ತೇವದ ಹವೆಯಲ್ಲಿ ಬರಿಯ ಸಿಲಿಕಾನ್ ಮತ್ತು ಮೊನೆಯ ನಡುವೆ ನೀರಿನ ಸೇತುವೆ ಕಟ್ಟುತ್ತದೆ. 10 ನ್ಯಾನೋಮೀಟರ್ ಮೊನೆಗೆ ಅದರ ಎಳೆತ ಸುಮಾರು 9 ನ್ಯಾನೋನ್ಯೂಟನ್. ಅದೇ ಆರ್ದ್ರತೆಯಲ್ಲಿ ಈ ಅಂಕಿ ಇಮ್ಮಡಿಯಾದರೆ ಮೊನೆ ಮೊಂಡಾಗಿ ತ್ರಿಜ್ಯ ಇಮ್ಮಡಿಯಾಗಿದೆ. ಮೊನೆ ಬದಲಿಸಿ ಮತ್ತೆ ಕ್ಯಾಲಿಬ್ರೇಶನ್ ಮಾಡಿ.

ಲೆಕ್ಕ ಮತ್ತು ಬರವಣಿಗೆ

ಗ್ವಿಡಿಯಾನ್ ಉಚಿತ ತಂತ್ರಾಂಶ, ಎಎಫ್‌ಎಂ ಕಡತಗಳನ್ನು ತೆರೆಯುತ್ತದೆ. ಪ್ರತಿ ಗೆರೆಯ ಎರಡೂ ತುದಿಯಿಂದ ಶೇ. 10 ಬಿಟ್ಟು ನಡುವಿನ ಸರಾಸರಿ ತೆಗೆಯಿರಿ. 64 ಗೆರೆ ಇದೆ ಎಂದು 64 ಅಳತೆ ಎನ್ನಬೇಡಿ. ಒಂದೇ ಜಾಗ, ಒಂದೇ ಮೊನೆ, ಅದು ಒಂದೇ ಅಳತೆ. ಗ್ರಾಫಿನ ಎರರ್ ಬಾರ್ ಜಾಗಗಳ ನಡುವಿನ ವ್ಯತ್ಯಾಸದಿಂದ ಬರಬೇಕು.

ಭಾರ ಅಡ್ಡಗೆರೆಯಲ್ಲಿ, ಘರ್ಷಣೆ ಲಂಬಗೆರೆಯಲ್ಲಿ. ಭಾರ ಸೊನ್ನೆಯಾದಾಗಲೂ ಘರ್ಷಣೆ ಸೊನ್ನೆಯಾಗಿರುವುದಿಲ್ಲ, ಏಕೆಂದರೆ ಅಂಟುಬಲ ಮೊನೆಯನ್ನು ಒತ್ತಿಹಿಡಿದಿರುತ್ತದೆ. ಹಾಗಾಗಿ ಘರ್ಷಣೆಯನ್ನು ಭಾರದಿಂದ ಭಾಗಿಸಿ ಒಂದು ಗುಣಾಂಕ ಕೊಡುವುದು ಇಲ್ಲಿ ತಪ್ಪು. ಗೆರೆಯ ಇಳಿಜಾರು ಮತ್ತು ಸೊನ್ನೆ ಭಾರದ ಘರ್ಷಣೆ, ಎರಡನ್ನೂ ಬೇರೆಬೇರೆ ಕೊಡಿ. ಗೆರೆ ನೇರವಿಲ್ಲದೆ ಬಾಗಿದ್ದರೆ, ಭಾರ ಮತ್ತು ಅಂಟುಬಲದ ಮೊತ್ತದ ಮೂರನೇ ಎರಡರ ಘಾತಕ್ಕೆ ಹೊಂದಿಸಿ ನೋಡಿ, ಒಂಟಿ ಉಬ್ಬಿನ ತಾಗುವ ವಿಸ್ತೀರ್ಣ ಆ ಲೆಕ್ಕದಲ್ಲಿ ಬೆಳೆಯುತ್ತದೆ. ಬರಿಯ ಸಿಲಿಕಾನ್‌ನಲ್ಲಿ ತೇವ ಏರಿದಂತೆ ಅಂಟುಬಲವೂ ಸೊನ್ನೆ ಭಾರದ ಘರ್ಷಣೆಯೂ ಸಾಮಾನ್ಯವಾಗಿ ಏರುತ್ತವೆ, ಓಟಿಎಸ್ ಮೇಲೆ ಎರಡೂ ಹೆಚ್ಚು ಕದಲಬಾರದು. ಓಟಿಎಸ್ ಮೇಲೂ ಏರಿದರೆ ಪದರದಲ್ಲಿ ತೂತುಗಳಿವೆಯೇ ಎಂದು ಮೇಲ್ಮೈಯ ಚಿತ್ರ ನೋಡಿ.

ಬಸ್ಸಿಗೆ ಕಾಯುವ ದಿನಗಳಲ್ಲಿ ಪೈಥಾನ್‌ನಲ್ಲಿ ಪ್ರಾಂಟ್ಲ್–ಟಾಮ್ಲಿನ್ಸನ್ ಮಾದರಿ ಬರೆದಿಡಿ, ಮೊನೆ ಪರಮಾಣು ಸಾಲುಗಳ ಮೇಲೆ ಹೇಗೆ ಸಾಗುತ್ತದೆ ಎಂಬುದರ ಸರಳ ಲೆಕ್ಕ ಅದು. ಅಲೆಯಂಥ ಶಕ್ತಿಗುಂಡಿಗಳ ಮೇಲೆ ಒಂದು ಬಿಂದು, ಅದಕ್ಕೆ ಕಟ್ಟಿದ ಸ್ಪ್ರಿಂಗ್, ಸ್ಪ್ರಿಂಗಿನ ಆಚೆ ತುದಿಯನ್ನು 0.001 ನ್ಯಾನೋಮೀಟರ್‌ನಂತೆ ಸರಿಸುತ್ತ ಪ್ರತಿ ಸಲ ಬಿಂದುವನ್ನು ಹತ್ತಿರದ ಕನಿಷ್ಠ ಶಕ್ತಿಗೆ ಇಳಿಸುವುದು. ಗುಂಡಿಗಳ ಅಂತರ 0.25 ನ್ಯಾನೋಮೀಟರ್, ಆಳ 0.5 ಎಲೆಕ್ಟ್ರಾನ್‌ವೋಲ್ಟ್ ಇಟ್ಟರೆ ಗರಿಷ್ಠ ಅಡ್ಡಬಲ 1 ನ್ಯಾನೋನ್ಯೂಟನ್ ಬರುತ್ತದೆ. ಸ್ಪ್ರಿಂಗ್ 2 ನ್ಯೂಟನ್ ಪ್ರತಿ ಮೀಟರ್ ಇದ್ದಾಗ ಬಿಂದು ತಡೆದು ತಡೆದು ಜಿಗಿಯುತ್ತದೆ. 25 ದಾಟಿಸಿದರೆ ಜಿಗಿತ ನಿಂತು ನುಣ್ಣಗೆ ಸಾಗುತ್ತದೆ, ಶಕ್ತಿಯ ನಷ್ಟವೂ ಇಲ್ಲವಾಗುತ್ತದೆ. ಗ್ರಾಫೈಟ್ ಚೂರೊಂದನ್ನು ಸೆಲೋಟೇಪಿನಿಂದ ಸುಲಿದು ಹೊಸ ಮುಖ ಮಾಡಿ ಕೊಂಡೊಯ್ದಿದ್ದರೆ, ಮೂರನೇ ದಿನ ಸಂಜೆ 5 ನ್ಯಾನೋಮೀಟರ್ ಅಗಲದಲ್ಲಿ ಎಳೆದು ಈ ಗರಗಸದಂಥ ಗೆರೆಯನ್ನು ನಿಜವಾಗಿಯೂ ನೋಡಬಹುದು. ಹಲ್ಲುಗಳ ಅಂತರ 0.25 ನ್ಯಾನೋಮೀಟರ್‌ನ ಹತ್ತಿರ ಬಂದರೆ ಸ್ಕ್ಯಾನರ್‌ನ ಅಳತೆಯೂ ಸರಿಯಿದೆ.

ವರದಿಯಲ್ಲಿ ಮೊನೆಯ ವಿವರ, ಎರಡೂ ಕ್ಯಾಲಿಬ್ರೇಶನ್ ಅಂಕಿ, ಪ್ರತಿ ಅಳತೆಯ ಆರ್ದ್ರತೆ ಮತ್ತು ಉಷ್ಣತೆ, ಅಂಟುಬಲದ ಪಟ್ಟಿ, ಹನಿಯ ಕೋನದ ಫೋಟೋಗಳು, ಕೈಬಿಟ್ಟ ಅಳತೆಗಳು ಮತ್ತು ಕೈಬಿಟ್ಟ ಕಾರಣ ಇರಲಿ. ಮೂಲ ಕಡತಗಳನ್ನು ಯಂತ್ರ ಬರೆದ ರೂಪದಲ್ಲೇ ಎರಡು ಡಿಸ್ಕಿನಲ್ಲಿಟ್ಟು ಒಂದನ್ನು ವಿಭಾಗಕ್ಕೆ ಕೊಡಿ. ಉಳಿದ ಚೂರುಗಳನ್ನು ಪೆಟ್ರಿ ಡಿಶ್‌ನಲ್ಲಿಟ್ಟು, ತೊಳೆದ ದಿನ, ಓಟಿಎಸ್ ಬಾಟಲಿ ತೆರೆದ ದಿನ, ಕೋನ, ಈ ಮೂರನ್ನೂ ಮುಚ್ಚಳದ ಮೇಲೆ ಬರೆದು ಡೆಸಿಕೇಟರ್‌ನಲ್ಲಿ (ಒಳಗಿನ ಗಾಳಿಯನ್ನು ಒಣಗಿಸಿಡುವ ಮುಚ್ಚಿದ ಪಾತ್ರೆ) ಇಡಿ.